ಅಮೆರಿಕದ ಕಾಲೇಜು ಆವರಣದ ಮಕ್ಕಳ ಕೇಂದ್ರ: ಮಗಳು ಅಲ್ಲೇ ಬೆಳೆದ ಮೇಲೆ ಬರೆದದ್ದು

ಅಮೆರಿಕಕ್ಕೆ ಬಂದು ಮಗುವನ್ನು ಯಾವ ಡೇಕೇರಿಗೆ ಹಾಕುವುದೆಂದು ಹುಡುಕುತ್ತಿರುವ ಕನ್ನಡದ ಅಪ್ಪ-ಅಮ್ಮಂದಿರಿಗೆ ಈ ವಿಮರ್ಶೆ. ಎರಡು ವರ್ಷ ತುಂಬಿದಾಗಿನಿಂದ ಕಿಂಡರ್‌ಗಾರ್ಟನ್ ಸೇರುವವರೆಗೆ ನನ್ನ ಮಗಳು ಹೋಗಿದ್ದು ನಾನು ಓದುತ್ತಿದ್ದ ಕಮ್ಯುನಿಟಿ ಕಾಲೇಜಿನ ಮಕ್ಕಳ ಕೇಂದ್ರಕ್ಕೆ.

ಸೇರಿಸುವ ಮುಂಚೆ ನಾನು ನೋಡಿದ್ದು ಎನ್‌ಎಇವೈಸಿ, ಅಂದರೆ ಪುಟ್ಟ ಮಕ್ಕಳ ಶಿಕ್ಷಣಕ್ಕಾಗಿ ಇರುವ ಅಮೆರಿಕದ ರಾಷ್ಟ್ರೀಯ ಸಂಘದ ಮಾನ್ಯತೆ ಇದೆಯೇ ಎಂದು. 1926ರಲ್ಲಿ ಹುಟ್ಟಿದ ಈ ಸಂಘ 1985ರಿಂದ ಮಕ್ಕಳ ಕೇಂದ್ರಗಳಿಗೆ ಮಾನ್ಯತೆ ಕೊಡುತ್ತಿದೆ. ರಾಜ್ಯದ ಲೈಸೆನ್ಸ್ ಬೇರೆ, ಇದು ಬೇರೆ; ಕೇಂದ್ರದವರು ತಾವಾಗಿ ಮುಂದೆ ಬಂದು ಪರೀಕ್ಷೆಗೆ ಒಡ್ಡಿಕೊಳ್ಳಬೇಕು. ಕೈಗೂಸುಗಳಾದರೆ ನಾಲ್ಕಕ್ಕೆ ಒಬ್ಬ ಟೀಚರ್ ಇರಬೇಕೆನ್ನುತ್ತದೆ ಈ ಸಂಘ. ನಮ್ಮಲ್ಲಿ ನಾಲ್ಕು ವರ್ಷದವರ ಕೋಣೆಯಲ್ಲೂ ಹತ್ತು ಮಕ್ಕಳಿಗೆ ಒಬ್ಬರಿದ್ದರು. ಅವರ ಜೊತೆಗೆ ಶಿಶು ಶಿಕ್ಷಣ ಓದುವ ಕಾಲೇಜು ಹುಡುಗಿಯರು ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದರು. ಹೊರಗಿನ ಡೇಕೇರ್‌ಗಳಲ್ಲಿ ನನಗೆ ಕಾಣದಿದ್ದದ್ದು ಇದೇ: ಮಗುವನ್ನು ಸುಮ್ಮನಿರಿಸುವುದಕ್ಕಲ್ಲ, ಅರ್ಥಮಾಡಿಕೊಳ್ಳುವುದಕ್ಕೆ ಗಮನಿಸುವ ಕಣ್ಣುಗಳು.

ಒಮ್ಮೆ ಅಂಗಳದಲ್ಲಿ ಮಗಳೂ ಇನ್ನೊಬ್ಬ ಹುಡುಗನೂ ಒಂದೇ ಮೂರು ಚಕ್ರದ ಸೈಕಲ್ಲಿಗೆ ಜಗ್ಗಾಡುತ್ತಿದ್ದರು. ಟೀಚರ್ ಬಂದು ನೆಲಕ್ಕೆ ಮಂಡಿಯೂರಿ, ಹ್ಯಾಂಡಲ್ ಮೇಲೆ ಮೆಲ್ಲಗೆ ಕೈಯಿಟ್ಟರು. ಯಾರನ್ನೂ ಗದರಲಿಲ್ಲ. 'ಇಬ್ಬರಿಗೂ ಬೇಕು, ಇರೋದು ಒಂದೇ. ಈಗೇನು ಮಾಡೋಣ?' ಎಂದು ಕೇಳಿ, ಉತ್ತರ ಬರುವವರೆಗೂ ಕಾದರು. ಮರಳಿನ ಗಡಿಯಾರ ತಿರುಗಿಸಿಟ್ಟು ಸರದಿ ಮಾಡೋಣ ಎಂದವಳು ನನ್ನ ಮಗಳೇ. ಇದು ಮಿಷಿಗನ್‌ನಲ್ಲಿ ಹುಟ್ಟಿದ ಹೈಸ್ಕೋಪ್ ಎಂಬ ಶಿಶು ಶಿಕ್ಷಣ ಪದ್ಧತಿಯ ಪಾಠ. ಮುಂದೆ ಮೈಸೂರಿಗೆ ಹೋದಾಗ ಅಕ್ಕನ ಮಗನೊಂದಿಗೆ ಚೆಂಡಿಗೆ ಜಗಳ ಬಂತು. 'ಈಗೇನ್ ಮಾಡೋಣ ಹೇಳು' ಎಂದು ಅವನನ್ನೇ ಕೇಳಿದಳು. ಅವಳಿಗಿನ್ನೂ ಎಬಿಸಿಡಿ ಬರೆಯಲು ಬರುವುದಿಲ್ಲವೆಂದು ನನ್ನ ಅಮ್ಮ ಚಿಂತೆ ಮಾಡುತ್ತಿದ್ದರು. ಆ ವಯಸ್ಸಿನಲ್ಲಿ ತಿದ್ದಿಸದೇ ಇದ್ದದ್ದು ಒಳ್ಳೆಯದೇ ಆಯಿತೆಂಬುದು ನನ್ನ ದೃಢ ಅಭಿಪ್ರಾಯ.

ಊಟ ಕೇಂದ್ರದ್ದೇ. ಮಾಂಸ ಬೇಡವೆಂದು ಬರೆದುಕೊಟ್ಟರೆ ಬೀನ್ಸ್, ಚೀಸ್ ಕೊಡುತ್ತಾರೆ. ಮಕ್ಕಳೇ ಬಡಿಸಿಕೊಳ್ಳಬೇಕು, ಚೆಲ್ಲಿದರೆ ತಾವೇ ಒರೆಸಬೇಕು.

ತೊಂದರೆಗಳೂ ಇವೆ. ಸೆಮಿಸ್ಟರ್ ಮುಗಿದಂತೆ ವಿದ್ಯಾರ್ಥಿ ಸಹಾಯಕಿಯರು ಬದಲಾಗುತ್ತಾರೆ. ಮಗಳು ತುಂಬಾ ಹಚ್ಚಿಕೊಂಡಿದ್ದ ಒಬ್ಬಾಕೆ ಹೋಗುವ ವಿಷಯವನ್ನು ಕೊನೆಯ ವಾರದಲ್ಲಷ್ಟೇ ತಿಳಿಸಿದರು. ಆಮೇಲೆ ಎಷ್ಟೋ ದಿನ ಬೆಳಗ್ಗೆ ಬಾಗಿಲಲ್ಲೇ ಅಳು. ಮಕ್ಕಳಿಗೆ ಮೊದಲೇ ಹೇಳಿ ಸಿದ್ಧಮಾಡಬೇಕಿತ್ತು. ಕಾಲೇಜಿಗೆ ರಜೆ ಬಂದರೆ ಕೇಂದ್ರವೂ ಮುಚ್ಚುತ್ತದೆ, ಕೆಲಸಕ್ಕೆ ಹೋಗುವವರಿಗೆ ಇದು ನಿಜಕ್ಕೂ ಕಷ್ಟ.

ಶುಲ್ಕ ಕಡಿಮೆಯೇನಲ್ಲ. ಕಡಿಮೆ ಆದಾಯದ ವಿದ್ಯಾರ್ಥಿ ಪೋಷಕರಿಗೆಂದು ಸಿಸಿಎಎಂಪಿಐಎಸ್ ಎಂಬ ಫೆಡರಲ್ ಅನುದಾನವಿದೆ, ಆದರೆ ಎಲ್ಲ ಕಾಲೇಜಿಗೂ ಸಿಕ್ಕಿರುವುದಿಲ್ಲ, ವಿಚಾರಿಸಿ. ನಿಮಗೆ ಅಡ್ಮಿಷನ್ ಸಿಕ್ಕ ದಿನವೇ ಮಗುವಿನ ಹೆಸರನ್ನು ವೇಟಿಂಗ್ ಲಿಸ್ಟಿಗೆ ಬರೆಸಿ. ಕೇಂದ್ರ ನೋಡಲು ಹೋಗುವುದಾದರೆ ಮಕ್ಕಳು ಮಲಗುವ ಮಧ್ಯಾಹ್ನ ಬೇಡ, ಬೆಳಗ್ಗೆ ಆಟದ ಹೊತ್ತಿಗೆ ಹೋಗಿ. ಟೀಚರ್‌ಗಳು ನೆಲದ ಮೇಲೆ ಕೂತಿದ್ದಾರೋ, ಗೋಡೆಗೆ ಒರಗಿ ನಿಂತಿದ್ದಾರೋ ನೋಡಿ.