ಗೋಕರ್ಣದಲ್ಲಿ ಪ್ಯಾರಡೈಸ್ ಬೀಚಿನವರೆಗೆ ನಡೆದು ಬೋಟಿನಲ್ಲಿ ವಾಪಸ್ ಬರೋಣ ಅಂದುಕೊಂಡವರು ಓದಿ

ದಸರಾ, ದೀಪಾವಳಿ, ಕ್ರಿಸ್‌ಮಸ್ ರಜೆಗಳಲ್ಲಿ ಗೋಕರ್ಣದಲ್ಲಿ ಒಂದೇ ಬಗೆಯ ಫಜೀತಿ ಮತ್ತೆ ಮತ್ತೆ ಆಗುತ್ತದೆ. ಊಟ ಮುಗಿಸಿ ಮೂರೂವರೆಗೆ ಓಂ ಬೀಚಿನಿಂದ ಹೊರಡುತ್ತಾರೆ. ಹಾಫ್ ಮೂನ್‌ನಲ್ಲಿ ಫೋಟೊ, ನೀರಾಟ. ಪ್ಯಾರಡೈಸ್ ಮುಟ್ಟುವಾಗ ಐದೂವರೆ. ಅಷ್ಟೊತ್ತಿಗೆ ಬೋಟ್ ಇರುವುದಿಲ್ಲ. ಇದ್ದರೂ ರಜೆಯ ಸಂಜೆ ಕೇಳುವ ರೇಟಿಗೆ ತಲೆ ತಿರುಗುತ್ತದೆ. ಉಳಿಯುವುದು ಬಂದ ದಾರಿಯಲ್ಲೇ ವಾಪಸ್ ನಡೆಯುವುದು. ಅದೂ ಮೊಬೈಲ್ ಟಾರ್ಚಿನಲ್ಲಿ, ಖಾಲಿ ಬಾಟಲಿ ಹಿಡಿದು.

ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇಲ್ಲಿ ಸೂರ್ಯ ಮುಳುಗುವುದು 6ರಿಂದ 6:25ರೊಳಗೆ. ಮುಳುಗಿದ ಅರ್ಧ ಗಂಟೆಗೆ ಪೂರ್ತಿ ಕತ್ತಲೆ. ಸೂರ್ಯಾಸ್ತ ನೋಡಿಕೊಂಡು ಹೊರಟರೆ ಓಂ ತಲುಪುವ ತನಕ ಬೆಳಕು ಸಾಲುವುದಿಲ್ಲ.

ಮ್ಯಾಪ್ ನೋಡಿದರೆ ಎಲ್ಲ ಹತ್ತಿರ ಅನಿಸುತ್ತದೆ. ಪೇಟೆಯಿಂದ ಗುಡ್ಡ ಹತ್ತಿಳಿದರೆ ಕುಡ್ಲೆ, ಆಮೇಲೆ ಓಂ, ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಒಂದರಿಂದ ಇನ್ನೊಂದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಓಂವರೆಗೆ ರಸ್ತೆಯಿದೆ, ಸುಸ್ತಾದರೆ ಆಟೊ ಹಿಡಿಯಬಹುದು. ಅದರಾಚೆ ಹಾಫ್ ಮೂನ್‌ಗೆ ವಾಹನದ ದಾರಿಯೇ ಇಲ್ಲ. ಗುಡ್ಡದ ಮರೆಯಲ್ಲಿ ಸಿಗ್ನಲ್ ಕೂಡ ಕೈಕೊಡುತ್ತದೆ.

ಬೀಳುವುದು ಹೆಚ್ಚಾಗಿ ಇಳಿಜಾರಿನಲ್ಲಿ. ಗುಡ್ಡವೆಲ್ಲ ಜಂಬಿಟ್ಟಿಗೆ ಕಲ್ಲು; ಅದರ ಮೇಲೆ ಉದುರಿದ ಹರಳುಗಳು ಕಾಲಡಿ ಗೋಲಿಯಂತೆ ಉರುಳುತ್ತವೆ. ಹವಾಯಿ ಚಪ್ಪಲಿ ಇಲ್ಲಿ ಬೇಡವೇ ಬೇಡ. ಒದ್ದೆ ಕಾಲಿಗೆ ಜಾರುತ್ತದೆ, ಉಂಗುಷ್ಠ ಕಿತ್ತು ಬರುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ ಹಾಕಿ. ತಲೆಗೆ ಎರಡು ಲೀಟರ್ ನೀರು ಓಂ ಬೀಚಿನಲ್ಲೇ ತುಂಬಿಸಿಕೊಳ್ಳಿ, ಮುಂದೆ ಅಂಗಡಿ ಸಿಕ್ಕೀತು ಎಂದು ನಂಬಬೇಡಿ.

ದಾರಿ ತಪ್ಪುವುದಕ್ಕೂ ಕಾರಣವಿದೆ. ಕವಲು ಬಂದಲ್ಲಿ ಹೆಚ್ಚು ಸವೆದ ದಾರಿಯೇ ಸರಿಯಾದದ್ದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಗಾಳ ಹಾಕುವವರು ಬಂಡೆಯ ತುದಿಗೆ ಇಳಿಯಲು ಮಾಡಿಕೊಂಡ ದಾರಿಗಳೂ ಅಷ್ಟೇ ಸವೆದಿರುತ್ತವೆ. ಹಗಲಲ್ಲಾದರೆ ಎದುರು ಸಮುದ್ರ ಕಂಡು ವಾಪಸ್ ಬರುತ್ತೀರಿ. ರಾತ್ರಿ ಟಾರ್ಚಿನ ಬೆಳಕಿಗೆ ಸಿಗುವುದು ಮುಂದಿನ ನಾಲ್ಕು ಹೆಜ್ಜೆ ಮಾತ್ರ.

ಇನ್ನು ಬಂಡೆ ಬುಡದಲ್ಲೇ ನಡೆದು ಗುಡ್ಡ ಹತ್ತುವುದನ್ನು ಉಳಿಸುವ ಉಪಾಯ. "ಶುಕ್ರವಾರ ನಾಲ್ಕು ಗಂಟೆಗೆ ಆರಾಮಾಗಿ ಹೋಗಿದ್ವಿ" ಎಂದು ಲಾಡ್ಜಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಸೋಮವಾರ ಹೊರಡಬೇಡಿ. ಉಬ್ಬರ-ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೂರು ದಿನಕ್ಕೆ ಎರಡೂವರೆ ಗಂಟೆಯ ವ್ಯತ್ಯಾಸ. ಇಳಿತದಲ್ಲಿ ಒಣಗಿದ್ದ ಬಂಡೆಗೆ ಉಬ್ಬರದಲ್ಲಿ ಅಲೆ ಅಪ್ಪಳಿಸುತ್ತಿರುತ್ತದೆ, ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನೂ ಜೋರು. ಕಾರವಾರದ ಉಬ್ಬರದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ನೋಡಿ. ಅರ್ಥವಾಗದಿದ್ದರೆ ಗುಡ್ಡದ ದಾರಿಯೇ ಹಿಡಿಯಿರಿ.

ನಿಜ ಹೇಳಬೇಕೆಂದರೆ ಎಲ್ಲರೂ ಈ ನಡಿಗೆಯನ್ನು ತಲೆಕೆಳಗಾಗಿ ಮಾಡುತ್ತಾರೆ. ಬೆಳಿಗ್ಗೆ ಆರೂವರೆಗೆ ಪೇಟೆಯಿಂದ ಆಟೊ ಮಾಡಿಕೊಂಡು ಪ್ಯಾರಡೈಸ್‌ನಾಚೆ ಇರುವ ಬೇಲೆಕಾನಿಗೆ ಹೋಗಿ, ಅಲ್ಲಿಂದ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂದು ಪೇಟೆಯ ಕಡೆಗೆ ನಡೆದು ಬನ್ನಿ. ಕಷ್ಟದ ಭಾಗ ತಂಪಿನಲ್ಲೇ ಮುಗಿಯುತ್ತದೆ, ಆಮೇಲೆ ಎಲ್ಲಿ ನಿಲ್ಲಿಸಿದರೂ ಆಟೊ ಸಿಗುತ್ತದೆ. ಬೋಟೇ ಬೇಕೆಂದರೆ ಓಂನಿಂದ ಹೊರಡುವಾಗಲೇ ಹೋಗಿ-ಬರುವ ರೇಟು, ವಾಪಸಿನ ಸಮಯ ಎರಡನ್ನೂ ಮಾತಾಡಿ. ಪೂರ್ತಿ ದುಡ್ಡು ವಾಪಸ್ ಬಂದ ಮೇಲೆಯೇ ಕೊಡಿ. ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ. ಇಳಿಯುವಾಗ ಸೊಂಟದವರೆಗೆ ನೀರು ಬರಬಹುದು, ಫೋನ್ ಪ್ಲಾಸ್ಟಿಕ್ ಕವರಿನಲ್ಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಬಂಡೆಯೆಲ್ಲ ಪಾಚಿ, ಸಮುದ್ರವೂ ಒರಟು. ಆಗ ಈ ದಾರಿಯ ಯೋಚನೆಯೇ ಬೇಡ.

ಇಷ್ಟಾದರೂ ಪ್ಯಾರಡೈಸ್‌ನಲ್ಲಿ ಕತ್ತಲಾಯಿತೆನ್ನಿ. ಓಂ ಕಡೆ ಹೊರಳಬೇಡಿ, ಬೇಲೆಕಾನಿನ ಕಡೆ ಹೋಗಿ. ಡಾಂಬರು ರಸ್ತೆ ಆ ಕಡೆಗೇ ಹತ್ತಿರ. ಯಾರಿಗಾದರೂ ಕಾಲು ಉಳುಕಿ ನಡೆಯಲಾಗದಿದ್ದರೆ ಎಲ್ಲರೂ ಅಲ್ಲೇ ಕೂತು, ಸಿಗ್ನಲ್ ಸಿಗುವ ಜಾಗ ನೋಡಿ 112ಕ್ಕೆ ಫೋನ್ ಮಾಡಿ.