ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡಲು ದೋಣಿ: ನನ್ನ ಅನುಭವ

ಉತ್ತರ ಕನ್ನಡದ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ದಡದ ಹಕ್ಕಿಗಳನ್ನು ನೋಡುವ ಆಸೆ ಇದ್ದರೆ ತದಡಿ ಕಡೆಯ ಮೀನುಗಾರರ ಸಣ್ಣ ದೋಣಿ ಹಿಡಿಯಿರಿ. ನಾನು ಡಿಸೆಂಬರ್‌ನಲ್ಲಿ ಹಾಗೇ ಹೋಗಿದ್ದೆ. ಐದಕ್ಕೆ ನಾಲ್ಕೂವರೆ ಸ್ಟಾರ್.

ಹಿಂದಿನ ದಿನ ದೋಣಿಯವರಿಗೆ ಫೋನ್ ಮಾಡಿ "ಬೆಳಿಗ್ಗೆ ಆರಕ್ಕೆ ಬರ್ಲಾ ಅಣ್ಣ?" ಅಂತ ಕೇಳಿದೆ. "ಆರಕ್ಕೆ ನೀರು ತುಂಬಿರ್ತದೆ, ಹಕ್ಕಿ ಎಲ್ಲಿ ಕೂರ್ತದೆ? ಎಂಟಕ್ಕೆ ಬನ್ನಿ" ಅಂದರು. ಅಲ್ಲೇ ನನಗೆ ನಂಬಿಕೆ ಬಂತು. ಕಾಡಿನ ಹಕ್ಕಿಗಾದರೆ ಬೆಳಕು ಹರಿಯುವ ಮೊದಲೇ ಹೊರಡಬೇಕು, ಅಳಿವೆಯಲ್ಲಿ ಇಳಿತ, ಅಂದರೆ ಸಮುದ್ರದ ನೀರು ಇಳಿಯುವ ಹೊತ್ತು, ನೋಡಿ ಹೊರಡಬೇಕು. ಭರತದ, ಅಂದರೆ ನೀರು ಏರಿದ ಹೊತ್ತಿಗೆ ಕೆಸರು ಬಯಲೆಲ್ಲ ನೀರಿನಡಿ ಇರುತ್ತದೆ, ಹಕ್ಕಿಗಳು ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬದುಗಳ ಮೇಲೋ ಎತ್ತರದ ಹೊಯ್ಗೆ (ಮರಳು) ಮೇಲೋ ಗುಂಪಾಗಿ ಕೂತು ನಿದ್ದೆ ಮಾಡುತ್ತವೆ. ನೀರು ಇಳಿದು ಕೆಸರು ಕಂಡ ಕೂಡಲೇ ಊಟಕ್ಕೆ ಇಳಿಯುತ್ತವೆ. ಈ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಹೋದ ವಾರ ಹೋಗಿ ಬಂದವರನ್ನು ಕೇಳಿ ಉಪಯೋಗವಿಲ್ಲ, ದೋಣಿಯವರನ್ನೇ ಕೇಳಿ.

ಕೆಸರು ಬಯಲು ಇನ್ನೂ ದೂರ ಇರುವಾಗಲೇ ಅವರು ಎಂಜಿನ್ ನಿಲ್ಲಿಸಿ ಬಿದಿರು ಗಳ ಹಿಡಿದರು. ಆಮೇಲೆ ಕೇಳಿಸಿದ್ದು ರೆಡ್‌ಶ್ಯಾಂಕ್‌ಗಳ ಕೂಗು ಮಾತ್ರ. ಕೆಂಪು ಕಾಲು, ಹಾರುವಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಗಲ ಬಿಳಿ ಪಟ್ಟಿ, ಗುರುತಿಸಲು ಸುಲಭ. ಕರ್ಲ್ಯೂ ತನ್ನ ಉದ್ದದ ಬಾಗಿದ ಕೊಕ್ಕನ್ನು ಬುಡದವರೆಗೂ ಕೆಸರಿಗಿಳಿಸಿ ಹುಳ ಎಳೆಯುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಪಕ್ಕದಲ್ಲೇ ವಿಂಬ್ರೆಲ್ ಕೂಡ ಇತ್ತು. ಗಾತ್ರ ಚಿಕ್ಕದು, ತಲೆ ಮೇಲೆ ಪಟ್ಟೆ. ಆದರೆ ನನಗೆ ತುಂಬಾ ಖುಷಿ ಕೊಟ್ಟಿದ್ದು ಟೆರೆಕ್ ಸ್ಯಾಂಡ್‌ಪೈಪರ್. ಕೊಕ್ಕು ಮೇಲಕ್ಕೆ ಬಾಗಿರುತ್ತದೆ, ತಲೆ ತಗ್ಗಿಸಿಕೊಂಡು ಏಡಿ ಹಿಂದೆ ಓಡುತ್ತದೆ, ಆ ಓಟ ನೋಡಿಯೇ ಅದರ ಹೆಸರು ಹೇಳಬಹುದು. ಗಿಡ್ಡ ಕೊಕ್ಕಿನ ಪುಟ್ಟ ಸ್ಯಾಂಡ್ ಪ್ಲೋವರ್‌ಗಳಂತೂ ಜಾಸ್ತಿ ಇದ್ದವು.

ಸ್ವಲ್ಪ ದೂರದಲ್ಲಿ ಹೆಂಗಸರು ಸೊಂಟದವರೆಗಿನ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಿದ್ದರು. ದೋಣಿಯವರು ಅವರಿಗೂ ಅಡ್ಡ ಹೋಗಲಿಲ್ಲ, ಸುತ್ತು ಹಾಕಿಕೊಂಡು ಬಂದರು. ಬಳಚು ಆರಿಸುವವರಿಗೂ ಹಕ್ಕಿಗೂ ಅನ್ನ ಕೊಡುವುದು ಅದೇ ಕೆಸರು. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ, ಘಟ್ಟದ ಮಣ್ಣು, ಸಿಹಿನೀರು ತಡೆಯಿಲ್ಲದೆ ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಲೈಫ್ ಜಾಕೆಟ್‌ಗೆ. ಎಲ್ಲವೂ ದೊಡ್ಡವರ ಅಳತೆಯವು. ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲೇ ಕೇಳಿ, ಸರಿಯಾದ್ದು ಇಲ್ಲ ಅಂದ್ರೆ ಹತ್ತಿಸಬೇಡಿ. ನೆರಳೂ ಇಲ್ಲ, ಟೋಪಿ ಬೇಕೇ ಬೇಕು. ಟ್ರೈಪಾಡ್ ಮೇಲಿನ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ದೋಣಿಯಲ್ಲಿ ಅಲುಗಾಡುತ್ತದೆ, ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಸಾಕು. ಬಾಡಿಗೆ ಇಡೀ ದೋಣಿಗೆ, ನಾಲ್ಕು ಜನ ಸೇರಿದರೆ ಕಡಿಮೆ ಬೀಳುತ್ತದೆ.

ಅದೇ ಬೆಳಿಗ್ಗೆ ಬೇರೊಂದು ದೋಣಿ ಫೋಟೋಗೋಸ್ಕರ ಗುಂಪಿನ ಮೇಲೇ ನುಗ್ಗಿ ಎಲ್ಲವನ್ನೂ ಎಬ್ಬಿಸಿತು. ನೋಡಿ ಹೊಟ್ಟೆ ಉರಿಯಿತು. ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಬಂದ ಹಕ್ಕಿಗಳು ಇವು, ವಾಪಸ್ ಹಾರಲು ಬೇಕಾದ ಕೊಬ್ಬನ್ನು ಈ ಕೆಸರಲ್ಲೇ ತಿಂದು ಕೂಡಿಸಿಕೊಳ್ಳಬೇಕು, ಅದೂ ನೀರು ಇಳಿದಿರುವ ಕೆಲವೇ ಗಂಟೆಗಳಲ್ಲಿ. ಹಕ್ಕಿ ಹಾರಿಸಿ ತೋರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಆ ದೋಣಿ ಹತ್ತಲೇಬೇಡಿ, ಯಾಕೆ ಬೇಡ ಅನ್ನುವುದನ್ನೂ ಅವರಿಗೆ ಹೇಳಿ.