ಕಂಪ್ಯೂಟರ್ ಆಫ್ ಆದರೂ ರೈಲು ಓಡ್ತಾನೇ ಇತ್ತು: ಮಾಡೆಲ್ ರೈಲ್ವೆಗೆ ಆಟೊಮೇಶನ್ ಮಾಡಿಸುವವರ ಗಮನಕ್ಕೆ

ಮನೆಯಲ್ಲಿ ಎಚ್‌ಓ ಸ್ಕೇಲಿನ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಗಾತ್ರದ) ಡಿಸಿಸಿ ಲೇಔಟ್, ಅಂದರೆ ಹಳಿಯ ಮೂಲಕವೇ ಒಂದೊಂದು ಇಂಜಿನ್ನಿಗೂ ಡಿಜಿಟಲ್ ಆದೇಶ ಹೋಗುವ ಮಾದರಿ ರೈಲುಹಾದಿ ಇದೆ, ಯಾರಾದರೂ ಬಂದು ಕಂಪ್ಯೂಟರಿಗೆ ಜೋಡಿಸಿಕೊಟ್ಟರೆ ರೈಲುಗಳು ತಾವಾಗಿಯೇ ಓಡುತ್ತವೆ ಅಂದುಕೊಂಡಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ಬೆಂಗಳೂರಿನ ನಮ್ಮ ಮನೆಯಲ್ಲಿ ಈ ಕೆಲಸ ಮಾಡಿಕೊಟ್ಟವರ ಹೆಸರು ಹೇಳುವುದಿಲ್ಲ. ಅವರು ಏನೇನು ಮಾಡದೆ ಬಿಟ್ಟರು ಅನ್ನೋದಷ್ಟೇ ನಿಮಗೆ ಬೇಕಾದದ್ದು.

ಡೆಮೊ ದಿನ ಎಲ್ಲ ಭರ್ಜರಿಯಾಗಿತ್ತು. ಗೂಡ್ಸ್ ರೈಲು ಪಕ್ಕದ ಲೂಪ್ ಹಳಿಯಲ್ಲಿ ನಿಂತು ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟಿತು, ರೈಲನ್ನು ಬೇರೆ ಹಳಿಗೆ ತಿರುಗಿಸುವ ಪಾಯಿಂಟ್ ತಾನೇ ತಿರುಗಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿರುವ ಮಾದರಿ ರೈಲು ಪ್ರದರ್ಶನ ಮಿನಿಯಾಟುರ್ ವುಂಡರ್‌ಲ್ಯಾಂಡಿನ ವಿಡಿಯೊ ತೋರಿಸಿ “ಇದೇ ಥರ ಸಾರ್” ಅಂದರು. 2001ರಿಂದ ನಡೆಯುತ್ತಿರುವ ಆ ಪ್ರದರ್ಶನದಲ್ಲಿ ಕಂಪ್ಯೂಟರುಗಳು ಇದ್ದರೂ ಕಂಟ್ರೋಲ್ ರೂಮಿನಲ್ಲಿ ಜನ ಕೂತು ಮಾನಿಟರ್ ನೋಡುತ್ತಿರುತ್ತಾರೆ. ಅದನ್ನು ಮಾತ್ರ ಹೇಳಲಿಲ್ಲ.

ಒಂದು ಸಂಜೆ ಮಳೆ ಬಂತು, ಕರೆಂಟ್ ಹೋಯಿತು. ಲೇಔಟಿನ ಪ್ಲಗ್ಗನ್ನು ಅವರು ಇನ್ವರ್ಟರ್ ಲೈನಿಗೆ ಕೊಟ್ಟಿದ್ದರು, ಡೆಸ್ಕ್‌ಟಾಪನ್ನು ಸಾದಾ ಲೈನಿಗೆ. ಕಂಪ್ಯೂಟರ್ ಆಫ್ ಆಯಿತು. ರೈಲುಗಳು ನಿಲ್ಲಲಿಲ್ಲ! ಡಿಸಿಸಿಯಲ್ಲಿ ಹಳಿಗೆ ಆದೇಶ ಕಳಿಸುವುದು ಕಮಾಂಡ್ ಸ್ಟೇಷನ್. “3ನೇ ನಂಬರ್ ಇಂಜಿನ್, ಸ್ಪೀಡ್ 60” ಅಂತ ಸಾಫ್ಟ್‌ವೇರ್ ಒಮ್ಮೆ ಹೇಳಿದರೆ ಸಾಕು, ಬೇರೆ ಮಾತು ಬರುವ ತನಕ ಅದನ್ನೇ ಹಳಿಗೆ ಕಳಿಸುತ್ತಲೇ ಇರುತ್ತದೆ. ಹೇಳುವವನೇ ಇಲ್ಲ ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು?

ಲೂಪಿನಲ್ಲಿ ನಿಲ್ಲಬೇಕಿದ್ದ ಗೂಡ್ಸ್ ಮೇನ್ ಲೈನಿಗೆ ನುಗ್ಗಿತು, ಎಕ್ಸ್‌ಪ್ರೆಸ್ ಬಂದು ಅದರ ಪಕ್ಕೆಗೆ ಗುದ್ದಿತು. ಎಕ್ಸ್‌ಪ್ರೆಸ್ಸಿನ ಇಂಜಿನ್ ಮೇಜಿನ ಅಂಚಿನಿಂದ ಸೀದಾ ನೆಲಕ್ಕೆ. ಗೇರ್ ಕವರ್ ಸೀಳಿತ್ತು, ಒಂದು ಜೊತೆ ಚಕ್ರ ಸೋಫಾ ಕೆಳಗೆ ಸಿಕ್ಕಿತು. ಹಳಿ ತಪ್ಪಿದ ಒಂದು ವ್ಯಾಗನ್ನಿನ ಲೋಹದ ಚಕ್ರ ಪಾಯಿಂಟಿನ ಮೇಲೆ ಅಡ್ಡ ಕೂತು ಶಾರ್ಟ್ ಆಗಿತ್ತು. ಹಳಿಗೆ ಪವರ್ ಕೊಡುವ ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕಿತ್ತು, ಆಗಲಿಲ್ಲ. ಬೂಸ್ಟರಿನಿಂದ ಹಳಿಗೆ ಹಾಕಿದ್ದ ಫೀಡರ್ ವೈರ್ ಎಷ್ಟು ಸಣಕಲು ಅಂದರೆ ಟ್ರಿಪ್ ಆಗುವಷ್ಟು ಕರೆಂಟೇ ಅದರಲ್ಲಿ ಹರಿಯುತ್ತಿರಲಿಲ್ಲ. 5 ಆಂಪಿನ ಬೂಸ್ಟರ್ 15 ವೋಲ್ಟಿನಲ್ಲಿ 75 ವ್ಯಾಟ್ ಕೊಡುತ್ತದೆ. ನಾವು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಾಗ ನಾನೇ ಓಡಿ ಸ್ವಿಚ್ ಆರಿಸಿದೆ. ಪ್ರತಿ ಬ್ಲಾಕಿನಲ್ಲೂ (ಹಳಿಯನ್ನು ಭಾಗ ಮಾಡಿದ ಒಂದೊಂದು ತುಂಡು) ಹಳಿಗೆ ಅಡ್ಡಲಾಗಿ ಐದು ರೂಪಾಯಿ ನಾಣ್ಯ ಇಟ್ಟು, ಬೂಸ್ಟರ್ ಟ್ರಿಪ್ ಆಗುತ್ತಾ ಅಂತ ನೋಡುವುದು ಈ ಹವ್ಯಾಸದ ಹಳೇ ಪರೀಕ್ಷೆ. ದುಡ್ಡು ಇಸ್ಕೊಂಡವರು ಅದನ್ನೂ ಮಾಡಿರಲಿಲ್ಲ.

ಫೋನ್ ಮಾಡಿದರೆ ಬಂದ ಉತ್ತರ: “ಕರೆಂಟ್ ಹೋದ್ರೆ ನಾವೇನ್ ಮಾಡೋಕಾಗತ್ತೆ ಸಾರ್?”

ಆಮೇಲೆ ಕೆದಕಿ ನೋಡಿದಾಗ ಇನ್ನೊಂದು ಹುಳುಕು ಸಿಕ್ಕಿತು. ಹಳಿ ಮೇಲೆ ರೈಲಿದೆಯಾ ಅಂತ ತಿಳಿಸುವ, ನಿಜವಾದ ರೈಲ್ವೆಯ ಟ್ರ್ಯಾಕ್ ಸರ್ಕ್ಯೂಟ್ ನೋಡಿ: ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್). ರೈಲು ಬಂದರೆ ಅದರ ಆಕ್ಸಲ್ ಶಾರ್ಟ್ ಮಾಡಿ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ವೈರ್ ತುಂಡಾದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ಅಮೆರಿಕದ ಸಂಶೋಧಕ ವಿಲಿಯಂ ರಾಬಿನ್ಸನ್ 1872ರಲ್ಲೇ ಪೇಟೆಂಟ್ ಪಡೆದ ಉಪಾಯ ಇದು. ನಮ್ಮ ಲೇಔಟುಗಳಲ್ಲಿ ಹಾಕುವ ಕರೆಂಟ್ ಡಿಟೆಕ್ಟರ್ ಇದಕ್ಕೆ ತದ್ವಿರುದ್ಧ. ಕರೆಂಟ್ ಎಳೆಯುವ ವಸ್ತು ಇದ್ದರೆ ಮಾತ್ರ “ರೈಲಿದೆ” ಅನ್ನುತ್ತದೆ. ಫೀಡರ್ ಕಿತ್ತುಹೋದರೆ “ಖಾಲಿ”. ಹಳಿ ಮೇಲೆ ಕೊಳೆ ಕೂತು ಚಕ್ರಕ್ಕೆ ಕರೆಂಟ್ ಸಿಗದಿದ್ದರೂ “ಖಾಲಿ”. ಸಾಮಾನ್ಯ ವ್ಯಾಗನ್ನುಗಳು ಕರೆಂಟ್ ಎಳೆಯುವುದೇ ಇಲ್ಲ. ನಮ್ಮಲ್ಲಿ ತಿರುವಿನಲ್ಲಿ ಕಪ್ಲಿಂಗ್ ಬಿಟ್ಟು ಹಿಂದಿನ ವ್ಯಾಗನ್ನುಗಳು ಅಲ್ಲೇ ಉಳಿದರೂ ಪರದೆಯಲ್ಲಿ ಬ್ಲಾಕ್ ಖಾಲಿ ಅಂತ ತೋರಿಸಿ, ಮುಂದಿನ ರೈಲಿಗೆ ಹಸಿರು ಕೊಟ್ಟಿತು. ಕೊನೆಯ ಬ್ರೇಕ್ ವ್ಯಾನಿನ ಆಕ್ಸಲ್ಲಿಗೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದರೆ ಡಿಟೆಕ್ಟರಿಗೆ ಅದು ಕಾಣುತ್ತಿತ್ತು. ರೆಸಿಸ್ಟರಿಗೆ ಎಷ್ಟು ದುಡ್ಡು ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಕೇಳಿ, ನಗು ಬರುತ್ತದೆ.

ಹಾಗಾಗಿ ಕೊನೆಯ ಕಂತು ಕೊಡುವ ಮೊದಲು, ರೈಲುಗಳು ಓಡುತ್ತಿರುವಾಗಲೇ ಅವರ ಎದುರಿಗೆ ಯುಎಸ್‌ಬಿ ಕೇಬಲ್ ಕಿತ್ತುಬಿಡಿ. ಎಲ್ಲವೂ ನಿಲ್ಲಬೇಕು. ನಿಲ್ಲದಿದ್ದರೆ ವಾಚ್‌ಡಾಗ್ ಹಾಕಿಲ್ಲ ಅಂತ ಅರ್ಥ. ಸಾಫ್ಟ್‌ವೇರ್ ಆಗಾಗ “ಬದುಕಿದ್ದೇನೆ” ಅಂತ ಸಂಕೇತ ಕಳಿಸುತ್ತಿರಬೇಕು, ಅದು ನಿಂತ ಕೂಡಲೇ ಹಳಿಯ ಪವರ್ ಕಡಿಯಬೇಕು. ಕೆಲವು ಕಮಾಂಡ್ ಸ್ಟೇಷನ್ನುಗಳಲ್ಲೇ ಆ ಸೌಲಭ್ಯ ಇರುತ್ತದೆ, ಇಲ್ಲದ ಕಡೆ ಒಂದು ರಿಲೇ ಸಾಕು. ಕಂಪ್ಯೂಟರ್, ಲೇಔಟ್ ಎರಡನ್ನೂ ಒಂದೇ ಲೈನಿಗೆ ಕೊಡಿಸಿ. ಆದರೆ ಅದೊಂದನ್ನೇ ನಂಬಬೇಡಿ, ಕರೆಂಟ್ ಇದ್ದರೂ ಕಂಪ್ಯೂಟರ್ ಹ್ಯಾಂಗ್ ಆಗುತ್ತದಲ್ಲ. ಇಂಜಿನ್ನುಗಳ ಸಿವಿ 29ರಲ್ಲಿ (ಇಂಜಿನ್ನಿನೊಳಗಿನ ಡಿಸಿಸಿ ಚಿಪ್ಪಿನ 29ನೇ ಸೆಟ್ಟಿಂಗ್) ಅನಲಾಗ್ ಮೋಡ್, ಅಂದರೆ ಸಾದಾ ಡಿಸಿ ಕರೆಂಟಿನಲ್ಲೂ ಓಡುವ ಸೌಲಭ್ಯ, ಆಫ್ ಮಾಡಿಸಿ. 6 ಇದ್ದರೆ 2 ಆಗಬೇಕು. ಇಲ್ಲದಿದ್ದರೆ ಏನೋ ಎಡವಟ್ಟಾಗಿ ಹಳಿಗೆ ಡಿಸಿ ಬಂದಾಗ ಇಂಜಿನ್ ಫುಲ್ ಸ್ಪೀಡಿನಲ್ಲಿ ಹೊರಟುಬಿಡಬಹುದು.

ಕೀಪ್-ಅಲೈವ್ ಕೆಪ್ಯಾಸಿಟರ್ (ಹಳಿಯ ಕರೆಂಟ್ ಕ್ಷಣಕಾಲ ತಪ್ಪಿದರೂ ಓಡಿಸಲು ವಿದ್ಯುತ್ ಕೂಡಿಡುವ ಭಾಗ) ಇರುವ ಇಂಜಿನ್ ಇದ್ದವರು ಇನ್ನೊಂದು ವಿಷಯ ನೋಡಿಕೊಳ್ಳಿ. ಪವರ್ ಕಡಿದ ಮೇಲೂ ಅದು ಸ್ವಲ್ಪ ದೂರ ಓಡುತ್ತದೆ, ಮೇಜಿನ ಅಂಚು ದಾಟಲು ಅಷ್ಟೇ ಸಾಕು. ಅಂಥ ಇಂಜಿನ್ನಿಗೆ ಮೊದಲು ಎಮರ್ಜೆನ್ಸಿ ಸ್ಟಾಪ್ ಆದೇಶ ಹೋಗಬೇಕು, ಆಮೇಲೆ ಪವರ್ ಕಡಿಯಬೇಕು. ಇದನ್ನೆಲ್ಲ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಮೀನಮೇಷ ಎಣಿಸುವವರಿಗೆ ಅಡ್ವಾನ್ಸ್ ಕೊಡಬೇಡಿ.